ಅತ್ತೆಯ ಮೋಟಾರಿನ ಮಸಿ

ಹೊಳೆಯ ನಡುವೆ ತೇಲುವ ಕೆಂಪು ಪೀಪಾಯಿಯವರೆಗೆ ಹೋಗಿ ಕಡವಿಗೆ ವಾಪಸ್ಸಾಗಲು ನಮ್ಮ ಅತ್ತೆಯ ದೋಣಿಗೆ ಆ ಸೋಮವಾರ ಹದಿನೆಂಟು ನಿಮಿಷ ಹಿಡಿಯಿತು. ಶುಕ್ರವಾರ ಹತ್ತು ಗಂಟೆಗೆ ದೋಣಿಯ ತಪಾಸಣೆಗೆ ಇನ್ಸ್‌ಪೆಕ್ಟರ್ ಬರುವವರಿದ್ದರು. ಅದೇ ದೂರವನ್ನು ಅವರೆದುರು ಹನ್ನೆರಡು ನಿಮಿಷದಲ್ಲಿ ಮುಗಿಸಬೇಕಿತ್ತು. ಮುಗಿಸದಿದ್ದರೆ ಅತ್ತೆಯ ಪರ್ಮಿಟ್ ರದ್ದು. ಮೂವತ್ತೊಂದು ವರ್ಷದಿಂದ ಅವರು ಜನರನ್ನು ದಾಟಿಸುತ್ತಿರುವ ಕಡವು ಬೇರೆಯವರ ಕೈಗೆ.

ಹೀಗೆಂದು ಬಂದ ನೋಟೀಸನ್ನು ಮನೆಯಲ್ಲಿ ಪೂರ್ತಿ ಓದಿದವಳು ನಾನೊಬ್ಬಳೇ. ಓದುವುದೇ ನನ್ನ ಕೆಲಸ. ಊಟದ ಮೇಜಿನ ಮೇಲೆ ಹರಡಿಕೊಂಡು ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ, ದಿನಕ್ಕೆ ನಲವತ್ತು ಪುಟ. ಬೇರೆಯವರ ತಪ್ಪು ಹುಡುಕಿ ಹುಡುಕಿ ನಾನು ಹೀಗಾಗಿದ್ದೇನೆ ಎಂದು ನಮ್ಮವರು ಹೇಳುತ್ತಾರೆ. ಗ್ಯಾಸ್ ಆರಿಸಿದ್ದೇನೆಯೇ ಎಂದು ಮೂರು ಸಲ ಎದ್ದು ನೋಡುವುದು, ಬೀಗ ಹಾಕಿದ ಮೇಲೆ ಬಾಗಿಲನ್ನು ಎಳೆದು ನೋಡುವುದು, ಮೇಜಿನ ಮುಂದೆ ಕೂತೇ ಹೊಳೆಯ ಕಡೆಯ ಸದ್ದು ಕೇಳಿ ಅತ್ತೆಯ ದೋಣಿ ಈಗ ಎಲ್ಲಿದೆ ಎಂದು ಅಂದಾಜು ಮಾಡುವುದು. ಮೋಟಾರಿನ ಸದ್ದು ದಪ್ಪಗಾಗಿದೆ, ಗಂಟಲಲ್ಲಿ ಕಫ ಕಟ್ಟಿದ ಹಾಗೆ ಗೊರಗೊರ ಅನ್ನುತ್ತಿದೆ ಎಂದು ಎರಡು ತಿಂಗಳ ಹಿಂದೆಯೇ ಹೇಳಿದ್ದೆ. "ಇವಳಿಗೆ ಫ್ರಿಜ್ ಸದ್ದೂ ಹಾಗೇ ಕೇಳಿಸುತ್ತೆ" ಎಂದು ಎಲ್ಲರೂ ನಕ್ಕು ಎದ್ದುಹೋಗಿದ್ದರು.

ಇದರಲ್ಲಿ ನನ್ನ ಸ್ವಾರ್ಥವೂ ಇತ್ತು, ಮುಚ್ಚಿಡುವುದಿಲ್ಲ. ಅತ್ತೆ ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆ ಆರಕ್ಕೆ ಬರುವವರು. ಆ ಹನ್ನೆರಡು ಗಂಟೆಗಳ ಆಧಾರದ ಮೇಲೆಯೇ ನಮ್ಮಿಬ್ಬರ ಸಂಬಂಧ ಇಷ್ಟು ವರ್ಷ ಚೆನ್ನಾಗಿ ನಡೆದಿತ್ತು. ದಿನವಿಡೀ ಮನೆಯಲ್ಲಿ ಕೂತು, ನಾನು ಪಾತ್ರೆ ಇಡುವ ರೀತಿಯನ್ನು ನೋಡುವ ಅತ್ತೆಯನ್ನು ಕಲ್ಪಿಸಿಕೊಂಡೆ. ಅತ್ತೆಯೂ ಅದನ್ನೇ ಕಲ್ಪಿಸಿಕೊಂಡಿರಬೇಕು, ಆದರೆ ಅವರ ಕಲ್ಪನೆಯಲ್ಲಿ ಎದುರು ಕುರ್ಚಿಯಲ್ಲಿ ಕೂತಿದ್ದವರು ಮಾವ. ಸೋಮವಾರ ಸಂಜೆ ಅತ್ತೆ ಊಟಕ್ಕೆ ಕೂತು, ಎರಡು ತುತ್ತು ತಿಂದು, ತಟ್ಟೆ ಸರಿಸಿದರು. ಅತ್ತೆ ಜ್ವರ ಬಂದಾಗಲೂ ಊಟ ಬಿಟ್ಟವರಲ್ಲ.

"ಎಂಜಿನ್‌ಗೂ ವಯಸ್ಸಾಗುತ್ತೆ ಕಣೇ" ಎಂದರು ಮಾವ. ಗೋದಾಮಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ದೋಣಿ ಅತ್ತೆಯ ತವರಿನದು, ಅದಕ್ಕೂ ಮಾವನಿಗೂ ಇದ್ದ ಸಂಬಂಧ ಸಲಹೆ ಕೊಡುವುದಷ್ಟೇ. "ನಿನಗೂ ಆಯ್ತು. ಗೌರವದಿಂದ ಬಿಟ್ಟುಬಿಡು."

"ನಿಮಗೆ ವಯಸ್ಸಾಗಿ ಎಷ್ಟು ವರ್ಷ ಆಯ್ತು. ಯಾರಾದ್ರೂ ಬಂದು ಗಡಿಯಾರ ಹಿಡಿದ್ರಾ?"

"ಅದು ಫ್ಯಾನಿನ ತೊಂದರೆ ಅಮ್ಮ" ಎಂದರು ನಮ್ಮವರು. ನೀರಿನೊಳಗೆ ತಿರುಗುವ ರೆಕ್ಕೆಗೆ ಅವರು ಹಾಗೆನ್ನುತ್ತಾರೆ. ನಮ್ಮವರು ಟೈಲ್ಸ್ ಅಂಗಡಿಯಲ್ಲಿ ಮ್ಯಾನೇಜರ್. ಟೈಲ್ಸ್ ಒಂದನ್ನು ಬಿಟ್ಟು ಜಗತ್ತಿನ ಉಳಿದೆಲ್ಲ ವಸ್ತುಗಳ ಬಗ್ಗೆ ಅವರಿಗೆ ಖಚಿತವಾದ ಅಭಿಪ್ರಾಯವಿದೆ. "ಫ್ಯಾನ್ ಬದಲಾಯಿಸಿದ್ರೆ ರಾಕೆಟ್ ಥರ ಹೋಗುತ್ತೆ."

"ಹೊಗೆ ಬರ್ತಿದೆಯಲ್ಲ ರೀ. ಹೊಗೆ ಫ್ಯಾನಿಂದ ಬರುತ್ತಾ?" ಎಂದೆ.

"ನಿನಗೆ ಗೊತ್ತಾಗಲ್ಲ, ಸುಮ್ನಿರು."

ಇದು ನಮ್ಮ ಮನೆಯಲ್ಲಿ ಚರ್ಚೆ ಮುಗಿಯುವ ಕ್ರಮ.

ಮಂಗಳವಾರ ಡಾಕ್ಟರು ಬಂದರು. ಡಾಕ್ಟರು ಎಂದರೆ ಕಡವಿನ ಮೆಕ್ಯಾನಿಕ್. ಉದ್ದದ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಾರೆ. ಹಾಗೆ ಕೇಳುವಾಗ ಯಾರೂ ಮಾತಾಡಬಾರದು, ಕೆಮ್ಮಬಾರದು. ಆ ಹೆಸರು ಅವರಿಗೆ ತಮಾಷೆಗೆ ಬಂದದ್ದು, ಅವರು ಅದನ್ನು ಪದವಿ ಎಂದು ಇಟ್ಟುಕೊಂಡಿದ್ದಾರೆ.

"ಉಸಿರು ಕಟ್ಟಿದೆ" ಎಂದರು ಕಣ್ಣು ತೆರೆದು. "ಕಾರ್ಬನ್."

ಅಷ್ಟನ್ನು ಮಾತ್ರ ಅವರು ಸರಿಯಾಗಿ ಹೇಳಿದರು ಎಂದು ಒಪ್ಪಬೇಕು. ಪೆಟ್ರೋಲಿಗೆ ಬೆರೆಸಿದ ಎಣ್ಣೆ ಪೂರ್ತಿ ಉರಿಯದೆ ಒಳಗೆ ಮಸಿಯಾಗಿ ಕೂರುತ್ತದೆ, ಹೊಗೆ ಹೊರಹೋಗುವ ದಾರಿಯನ್ನು ಕಟ್ಟುತ್ತದೆ. ದಾರಿ ಕಟ್ಟಿದರೆ ಎಂಜಿನ್ ವೇಗ ಹಿಡಿಯುವುದಿಲ್ಲ. ಡಾಕ್ಟರು ಚೀಲದಿಂದ ಒಂದು ಸ್ಪ್ರೇ ಡಬ್ಬಿ ತೆಗೆದು, ಎರಡೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳೊಳಗೆ ಬಿಳಿ ನೊರೆ ತುಂಬಿದರು.

"ಎಷ್ಟು ಹೊತ್ತು ಬಿಡಬೇಕು?" ಎಂದು ಕೇಳಿದೆ. ಡಬ್ಬಿಯ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಏನೋ ಬರೆದಿತ್ತು, ಅವರ ಹೆಬ್ಬೆರಳು ಅದನ್ನು ಮುಚ್ಚಿತ್ತು.

"ಒಂದು ಟೀ ಕುಡಿಯೋಷ್ಟು."

"ಡಬ್ಬಿ ಮೇಲೆ ಎಷ್ಟು ಅಂತಿದೆ?"

"ಮೇಡಂ, ಡಬ್ಬಿ ಮಾಡಿದವರು ಹೊಳೆ ನೋಡಿದ್ದಾರಾ?"

ಟೀ ಮಾಡಿಕೊಟ್ಟೆ. ಅವರು ಕುಡಿದರು, ಲೋಟ ಕೆಳಗಿಟ್ಟರು, ಪ್ಲಗ್ ಹಾಕಿ ಸ್ಟಾರ್ಟ್ ಮಾಡುವ ಹಗ್ಗ ಎಳೆದರು. ಕಡವಿನಲ್ಲಿ ನಿಂತವರು ಒಬ್ಬರಿಗೊಬ್ಬರು ಕಾಣದಷ್ಟು ಹೊಗೆ ಎದ್ದಿತು. ಆಚೆ ದಡದಲ್ಲಿ ಯಾರೋ ಬೆಂಕಿ ಬಿದ್ದಿದೆ ಎಂದು ಓಡಿಬಂದರಂತೆ. ಹೊಗೆ ಇಳಿದ ಮೇಲೆ ನೋಡಿದರೆ ಎರಡು ಸಿಲಿಂಡರಿನಲ್ಲಿ ಒಂದು ಕೆಲಸ ಮಾಡುವುದನ್ನೇ ನಿಲ್ಲಿಸಿತ್ತು. ಅರೆಬರೆ ಸಡಿಲವಾದ ಮಸಿ ಪ್ಲಗ್ಗಿನ ಬಾಯಿಗೆ ಅಂಟಿಕೊಂಡಿತ್ತು.

"ರೋಗ ಹೊರಗೆ ಬರ್ತಿದೆ" ಎಂದರು ಡಾಕ್ಟರು. "ಒಳ್ಳೆ ಲಕ್ಷಣ."

ಬುಧವಾರ ಪ್ಲಗ್ ಒರೆಸಿ ಹಾಕಿ ಮತ್ತೆ ಪೀಪಾಯಿಯವರೆಗೆ ಹೋಗಿಬಂದರೆ ಇಪ್ಪತ್ತು ನಿಮಿಷ. ಡಾಕ್ಟರು ಸ್ಕ್ರೂ ಡ್ರೈವರನ್ನು ಕಿವಿಗೆ ಇಟ್ಟುಕೊಳ್ಳಲೂ ಇಲ್ಲ. "ಇನ್ನು ಹೊಸದೇ ಆಗಬೇಕು. ನಾನು ಕೈ ಹಾಕಲ್ಲ" ಎಂದು ಚೀಲ ಹೆಗಲಿಗೇರಿಸಿದರು. ಕೈ ಹಾಕಿ ಕೆಡಿಸಿದ ಮೇಲೆ ಕೈ ಹಾಕುವುದಿಲ್ಲ ಎಂದು ಹೇಳುವುದಕ್ಕೂ ಒಂದು ಗಾಂಭೀರ್ಯ ಬೇಕು. ಅದು ಅವರಲ್ಲಿ ಬೇಕಾದಷ್ಟಿದೆ.

ಅವತ್ತು ಮಧ್ಯಾಹ್ನ ಅತ್ತೆಯ ಬೀರುವಿನ ಮುಂದೆ ನಿಂತು ಕೇಳಿದೆ. "ಮೋಟಾರಿನ ಜೊತೆ ಒಂದು ಪುಸ್ತಕ ಬಂದಿತ್ತಲ್ಲ ಅತ್ತೆ, ಅದು ಎಲ್ಲಿದೆ?"

"ಇದೆ. ಭದ್ರವಾಗಿದೆ."

ಭದ್ರವಾಗಿಯೇ ಇತ್ತು. ಬೀರುವಿನ ಮೇಲಿನ ಖಾನೆಯಲ್ಲಿ, ಒಳ್ಳೆಯ ಬಟ್ಟೆಗಳ ಕೆಳಗೆ, ಎರಡು ಪ್ಲಾಸ್ಟಿಕ್ ಕವರುಗಳಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದರು. ಹನ್ನೊಂದು ವರ್ಷದಿಂದ. ಒಂದು ಪುಟವನ್ನೂ ಯಾರೂ ತಿರುಗಿಸಿರಲಿಲ್ಲ. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಒದ್ದೆ ಕೈಯಲ್ಲಿ ಮುಟ್ಟಬೇಡ, ಕೊಳೆ ಆಗುತ್ತೆ" ಎಂದರು ಅತ್ತೆ.

"ಓದೋದಕ್ಕೆ ಅಲ್ವಾ ಅತ್ತೆ ಕೊಟ್ಟಿರೋದು?"

"ನೀನು ಓದಿದವಳು, ನಿನಗೆ ಎಲ್ಲ ಪುಸ್ತಕದಲ್ಲೇ ಇರುತ್ತೆ. ನಾನು ಕೈಯಿಂದ ಕಲಿತವಳು."

ಕೈಯಿಂದ ಕಲಿತ ಆ ವಿದ್ಯೆಗೆ ಈಗ ಒಂದೂವರೆ ದಿನ ಬಾಕಿ ಇದೆ ಎಂದು ಹೇಳಬೇಕೆನಿಸಿತು. ಮೇಜಿನ ಮೇಲಿದ್ದ ಏಳನೇ ತರಗತಿಯ ವಿಜ್ಞಾನವನ್ನು ಪಕ್ಕಕ್ಕೆ ಸರಿಸಿ ಆ ಪುಸ್ತಕ ಹಿಡಿದು ಕೂತೆ. ಪುಟ ಐವತ್ತೆರಡರಲ್ಲಿ ಎಲ್ಲ ಇತ್ತು: ಮೇಲಿನ ಮುಚ್ಚಳ, ಅಂದರೆ ಹೆಡ್ಡು, ಬಿಚ್ಚಬೇಕು. ಮಸಿಯನ್ನು ಮರದ ತುಂಡಿನಿಂದ ಕೆರೆಯಬೇಕು, ಕಬ್ಬಿಣ ಮುಟ್ಟಿಸಬಾರದು. ಹೆಡ್ಡಿನ ಸಂದಿಯಲ್ಲಿ ಕೂರಿಸುವ ಹಳೆಯ ಗ್ಯಾಸ್ಕೆಟ್ ಮತ್ತೆ ಹಾಕಬಾರದು. ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ, ಚಿತ್ರದಲ್ಲಿ ತೋರಿಸಿದ ಕ್ರಮದಲ್ಲೇ ಬಿಗಿಯಬೇಕು. ನಾನು ಒಂದು ಹಾಳೆಯಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಂಡೆ. ಸಂಜೆ ನಮ್ಮವರಿಗೆ ಗ್ಯಾಸ್ಕೆಟ್ಟಿನ ನಂಬರ್ ಬರೆದು ಕೊಟ್ಟು, ಫ್ಯಾನಿನ ಬಗ್ಗೆ ಒಂದು ಮಾತೂ ಆಡದೆ ತಂದುಕೊಡಿ ಎಂದೆ. ಅವರು ಮುಖ ಊದಿಸಿಕೊಂಡೇ ಹೋದರು, ಆದರೆ ಸರಿಯಾದದ್ದನ್ನೇ ತಂದರು. ನಂಬರ್ ನೋಡಿ ತಂದರೆ ಅಭಿಪ್ರಾಯಕ್ಕೆ ಜಾಗ ಇರುವುದಿಲ್ಲ.

ಗುರುವಾರ ಬೆಳಿಗ್ಗೆ ದೋಣಿಯ ಹಿಂಬದಿಯಿಂದ ಬಿಚ್ಚಿ ತಂದ ಮೋಟಾರನ್ನು ಹಿತ್ತಲಿನ ಮರದ ಸ್ಟ್ಯಾಂಡಿಗೆ ಕಟ್ಟಿ ಅತ್ತೆ ಸ್ಪ್ಯಾನರ್ ಹಿಡಿದರು. ನಾನು ಹಾಳೆ ಹಿಡಿದೆ. ಮಾವ ಕುರ್ಚಿ ತರಿಸಿಕೊಂಡು ಹಿಡಿದದ್ದು ಪೇಪರ್. ಹತ್ತು ಬೋಲ್ಟು. ಒಂದೊಂದನ್ನೂ ಅರ್ಧ ಸುತ್ತು ಸಡಿಲಿಸಿ ಮುಂದಿನದಕ್ಕೆ ಹೋಗಬೇಕು ಎಂದು ನಾನು ಓದಿದರೆ, "ಗೊತ್ತು" ಎನ್ನುತ್ತ ಅತ್ತೆ ಹಾಗೆಯೇ ಮಾಡಿದರು. ಗೊತ್ತಿರಲಿಲ್ಲ. ಆದರೂ ಅವರ ಕೈಯ ಬಲ ಮತ್ತು ಹದ ನೋಡಿ ನನಗೆ ಮನಸ್ಸಿನಲ್ಲೇ ಮೆಚ್ಚುಗೆಯಾಯಿತು. ತುಕ್ಕು ಹಿಡಿದಿದ್ದ ಏಳನೇ ಬೋಲ್ಟನ್ನು ಮುರಿಯದೆ, ಬೈಯದೆ, ಹಿಂದೆ ಮುಂದೆ ಆಡಿಸಿ ಆಡಿಸಿ ಹೊರತೆಗೆದರು.

ಹೆಡ್ಡು ಬಂತು. ನಾವಿಬ್ಬರೂ ಬಗ್ಗಿ ನೋಡಿದೆವು.

ಒಳಗೆ ಬೆಳ್ಳಿಯ ಹಾಗೆ ಹೊಳೆಯಬೇಕಿದ್ದ ಪಿಸ್ಟನ್ ತಲೆಗಳು ಹೊತ್ತಿಹೋದ ಹಾಲಿನ ಪಾತ್ರೆಯ ತಳದ ಹಾಗಿದ್ದವು. ಕಾಳುಮೆಣಸಿನ ದಪ್ಪ ಮಸಿ, ಕೆಲವೆಡೆ ಗಟ್ಟಿ, ಕೆಲವೆಡೆ ಅಂಟು. ಪಿಸ್ಟನ್ನನ್ನು ಕೆಳಗಿಳಿಸಿ ನೋಡಿದರೆ ಪಕ್ಕದಲ್ಲಿ ಹೊಗೆ ಹೋಗುವ ಕಿಂಡಿ ನನ್ನ ಕಿರುಬೆರಳೂ ತೂರದಷ್ಟು ಕಿರಿದಾಗಿತ್ತು.

"ಅಯ್ಯೋ ಪಾಪ" ಎಂದರು ಅತ್ತೆ. ಮನುಷ್ಯರಿಗೆ ಅವರು ಆ ದನಿಯಲ್ಲಿ ಹೇಳಿದ್ದನ್ನು ನಾನು ಕೇಳಿಲ್ಲ.

ಹಳೆಯ ಮರದ ಸೌಟುಗಳ ಹಿಡಿಗಳನ್ನು ಉಳಿಯ ಹಾಗೆ ಚೂಪು ಮಾಡಿಕೊಂಡು ಕೆರೆಯಲು ಕೂತೆವು, ಅವರಿಗೊಂದು ಪಿಸ್ಟನ್, ನನಗೊಂದು. ಮೊದಲು ಪಿಸ್ಟನ್ನನ್ನು ಮೇಲಕ್ಕೆ ತಂದು, ಅಂಚಿನ ಸಂದಿಗೆ ಗ್ರೀಸ್ ಬಳಿಯಬೇಕು. ಉದುರಿದ ಮಸಿ ಒಳಗೆ ಬೀಳದೆ ಅದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಕೆರೆಯುವುದು, ಒರೆಸುವುದು, ಮತ್ತೆ ಕೆರೆಯುವುದು. ಗಂಟೆಗಟ್ಟಲೆಯ ಕೆಲಸ. ಕರಡು ತಿದ್ದಿದ ಹಾಗೆಯೇ: ಮುಗಿಯಿತು ಎಂದು ಬೆಳಕಿಗೆ ಹಿಡಿದರೆ ಇನ್ನೊಂದು ಕಾಣುತ್ತದೆ.

ಹತ್ತು ಲೀಟರ್ ಪೆಟ್ರೋಲಿಗೆ ಎರಡು ಕಪ್ ಎಣ್ಣೆ ಎಂದು ಪುಸ್ತಕದಲ್ಲಿತ್ತು. ಕಪ್ ಎಂದರೆ ಎಣ್ಣೆಯ ಡಬ್ಬಿಯ ಜೊತೆ ಬರುವ ಅಳತೆಯ ಕಪ್. ಸೌಟಿನ ಹಿಡಿ ಆಡಿಸುತ್ತಲೇ ಕೇಳಿದೆ. "ಅತ್ತೆ, ನೀವು ಎಷ್ಟು ಹಾಕ್ತೀರಿ?"

"ಎರಡು." ಹಿಡಿಯ ತುದಿಯ ಮಸಿ ಒರೆಸಿ, "ಎರಡೂವರೆ. ಮನಸ್ಸಿನ ಸಮಾಧಾನಕ್ಕೆ."

"ಅರ್ಧ ಕಪ್ಪಿಗೆ ಇಷ್ಟು ಮಸಿ ಕೂರಲ್ಲ."

ಪೇಪರಿನ ಹಿಂದೆ ಮಾವ ಗಂಟಲು ಸರಿಮಾಡಿಕೊಂಡರು.

"ನಾನೂ ಒಂದು ಕಪ್ ಹಾಕ್ತೀನಿ" ಎಂದರು. "ಬೆಳಿಗ್ಗೆ ಇವಳು ಚಪ್ಪಲಿ ಹುಡುಕೋ ಹೊತ್ತಲ್ಲಿ."

ಅತ್ತೆಯ ಕೈ ನಿಂತಿತು. "ಯಾಕೆ?"

"ನಿನಗೆ ಮರೆವು. ಹಾಕಿಲ್ಲದೆ ಹೋದ್ರೆ ಎಂಜಿನ್ ಜಾಮ್ ಆಗಿ ನಿಂತುಬಿಡುತ್ತೆ, ನೀನು ಹೊಳೆ ಮಧ್ಯೆ. ಹೇಳಿದ್ರೆ ನೀನು ಜಗಳ ತೆಗೀತೀಯ. ಅದಕ್ಕೆ ಹೇಳಲಿಲ್ಲ."

"ಎಷ್ಟು ವರ್ಷದಿಂದ?"

"ನಿವೃತ್ತಿ ಆದಾಗಿಂದ."

ಗ್ಯಾಸ್ಕೆಟ್ ಕೊಡಲು ಹಿತ್ತಲಿಗೆ ಬಂದಿದ್ದ ನಮ್ಮವರು ಬಾಗಿಲಲ್ಲೇ ನಿಂತಿದ್ದರು. ಅವರ ಮುಖ ನೋಡಿದಾಗಲೇ ನನಗೆ ಅರ್ಥವಾಯಿತು.

"ನೀವೂನಾ?" ಎಂದೆ.

"ಅಪ್ಪ ಹಾಕೋದು ನೋಡಿದ್ದೀನಿ. ಅವರ ಕೈ ನಡುಗುತ್ತೆ, ಅರ್ಧ ಹೊರಗೆ ಚೆಲ್ಲುತ್ತೆ. ಅದಕ್ಕೆ ನಾನು ಅಂಗಡಿಗೆ ಹೊರಡುವಾಗ ಕಡವಿನ ಹತ್ತಿರ ಒಂದು ಕಪ್..." ಎಂದು ನಿಲ್ಲಿಸಿದರು.

"ನನ್ನ ಕೈ ನಡುಗುತ್ತಾ?" ಎಂದರು ಮಾವ, ಪೇಪರ್ ಕೆಳಗಿಳಿಸಿ.

ನಾನು ಎದ್ದು ನಿಂತು ಇವರೆಲ್ಲರಿಗೂ ಒಂದೆರಡು ಮಾತು ಹೇಳುವ ಹದದಲ್ಲಿದ್ದೆ. ಎಂಥ ಮನೆ ಇದು. ಹತ್ತು ಲೀಟರಿನ ಟ್ಯಾಂಕಿಗೆ ನಾಲ್ಕೂವರೆ ಕಪ್. ಒಬ್ಬರಿಗೂ ಇನ್ನೊಬ್ಬರ ಮೇಲೆ ನಂಬಿಕೆ ಇಲ್ಲ, ಅಪನಂಬಿಕೆಯನ್ನು ಬಾಯಿಬಿಟ್ಟು ಹೇಳುವ ಧೈರ್ಯವೂ ಇಲ್ಲ. ಅವರವರ ಪ್ರೀತಿಯನ್ನು ಕದ್ದುಮುಚ್ಚಿ ಟ್ಯಾಂಕಿಗೆ ಸುರಿದು, ಏನೂ ಅರಿಯದವರ ಹಾಗೆ ಕೈ ಒರೆಸಿಕೊಂಡು ಬಂದುಬಿಡುತ್ತಾರೆ. ಆಮೇಲೆ ಫ್ಯಾನು ಅನ್ನುತ್ತಾರೆ, ವಯಸ್ಸು ಅನ್ನುತ್ತಾರೆ. ಇದನ್ನೆಲ್ಲ ಹೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ.

ಏಕೆಂದರೆ ಪ್ರತಿ ಭಾನುವಾರ, ಮುಂದಿನ ವಾರಕ್ಕೆ ಎಂದು ಅತ್ತೆ ಎಣ್ಣೆ ಬೆರೆಸಿ ಶೆಡ್ಡಿನಲ್ಲಿ ಇಟ್ಟಿರುತ್ತಿದ್ದ ಹತ್ತು ಲೀಟರಿನ ಕ್ಯಾನುಗಳನ್ನು ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿದ್ದವಳು ನಾನು. ಎಣ್ಣೆ ಸಾಲದೆ ಬಣ್ಣ ತಿಳಿಯಾಯಿತು ಎಂದು ನನಗೆ ಸದಾ ಅನುಮಾನ. ಅನುಮಾನ ಬಂದರೆ ನನಗೆ ನಿದ್ದೆ ಬರುವುದಿಲ್ಲ. ಕ್ಯಾನಿಗೆ ಅರ್ಧ ಕಪ್. ಬರೀ ಅರ್ಧ.

"ನೀನು ಯಾಕೆ ಹೀಗೆ ನಿಂತಿದ್ದೀಯ?" ಎಂದರು ಅತ್ತೆ. ಬೇರೆಯವರ ಮುಖ ಓದುವುದರಲ್ಲಿ ಅವರೇನೂ ನನಗಿಂತ ಕಡಿಮೆಯವರಲ್ಲ.

"ಅರ್ಧ ಕಪ್" ಎಂದೆ.

ಮಾವ ಪೇಪರನ್ನು ಮತ್ತೆ ಎತ್ತಿಕೊಂಡರು. ಅದರ ಹಿಂದೆ ಅವರ ಹೊಟ್ಟೆ ಕುಲುಕುತ್ತಿತ್ತು.

"ತಪ್ಪು ತಿದ್ದೋದು ನಿನ್ನ ಕೆಲಸ ಅಲ್ವಾ" ಎಂದರು ನಮ್ಮವರು, ಬಹಳ ಮೃದುವಾಗಿ. ಆ ಮೃದುತನಕ್ಕೆ ಅವರ ತಲೆಯ ಮೇಲೆ ಗ್ರೀಸ್ ಡಬ್ಬಿ ಮಗುಚಬಹುದಿತ್ತು.

"ಐದು ಕಪ್" ಎಂದರು ಅತ್ತೆ. "ಎಂಜಿನ್ ಅಂತ ತಡ್ಕೊಂಡಿದೆ. ಮನುಷ್ಯ ಆಗಿದ್ರೆ ಎಂದೋ ವಾಂತಿ ಮಾಡ್ಕೋತಿದ್ದ." ಮತ್ತೆ ಸೌಟಿನ ಹಿಡಿ ತೆಗೆದುಕೊಂಡರು. "ಕೆರೀರಿ ಈಗ. ಎಲ್ಲರೂ ಕೆರೀರಿ."

ಎಲ್ಲರೂ ಕೆರೆದೆವು. ಟೈಲ್ಸ್ ಅಂಗಡಿಗೆ ಫೋನ್ ಮಾಡಿ ನಮ್ಮವರು ಹೊಟ್ಟೆನೋವು ಎಂದರು. ಮಾವ ಹೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು, ನಡುಗದ ಕೈಯಿಂದ ಎಂಬುದನ್ನು ಎಲ್ಲರೂ ಗಮನಿಸಲಿ ಎಂಬಂತೆ, ಅದರ ಗುಳಿಗಳನ್ನು ತಿಕ್ಕಿದರು. ಮೂರು ಗಂಟೆಯ ಹೊತ್ತಿಗೆ ಹೊಗೆಯ ಕಿಂಡಿಯಲ್ಲಿ ಹೆಬ್ಬೆರಳು ತೂರಿತು, ಪಿಸ್ಟನ್ನಿನಲ್ಲಿ ನನ್ನ ಮೂಗು ಕಾಣಿಸಿತು. ಹೊಸ ಗ್ಯಾಸ್ಕೆಟ್ ಇಟ್ಟು, ಹಾಳೆಯ ಕ್ರಮದಲ್ಲೇ ಬೋಲ್ಟು ಬಿಗಿದೆವು. ಹೊಸ ಪೆಟ್ರೋಲಿಗೆ ನಾಲ್ಕು ಜನರ ಕಣ್ಣೆದುರು ಎರಡೇ ಕಪ್ ಎಣ್ಣೆ ಬಿತ್ತು. ನೀರು ತುಂಬಿದ ಡ್ರಮ್ಮಿನೊಳಗೆ ಮೋಟಾರಿನ ರೆಕ್ಕೆಯ ಭಾಗ ಇಳಿಸಿ ಹಗ್ಗ ಎಳೆದಾಗ ಮೂರನೇ ಎಳೆತಕ್ಕೆ ಹಿಡಿಯಿತು. ಗೊರಗೊರ ಇರಲಿಲ್ಲ.

ಪುಟ ಐವತ್ತಮೂರರಲ್ಲಿ ಇನ್ನೊಂದು ಸಾಲಿತ್ತು, ಅದನ್ನೂ ಓದಿ ಹೇಳಿದೆ. "ಯಾವಾಗಲೂ ನಿಧಾನವಾಗಿ ಓಡಿಸಿದರೂ ಮಸಿ ಕೂರುತ್ತಂತೆ ಅತ್ತೆ. ದಿನಕ್ಕೆ ಸ್ವಲ್ಪ ಹೊತ್ತಾದರೂ ಪೂರ್ತಿ ವೇಗದಲ್ಲಿ ಓಡಿಸಬೇಕು."

"ಆ ಪುಸ್ತಕ ಬರೆದವನು ನನ್ನ ದೋಣೀಲಿ ಕೂತಿಲ್ಲ" ಎಂದರು ಅತ್ತೆ. "ಮೂವತ್ತೊಂದು ವರ್ಷದಲ್ಲಿ ನನ್ನ ದೋಣಿ ಹತ್ತಿದವರ ಮೇಲೆ ಒಂದು ಹನಿ ನೀರು ಬಿದ್ದಿಲ್ಲ."

ಅದು ನಿಜ. ಮದುವೆಯ ಬಟ್ಟೆ ಉಟ್ಟವರು, ಕಡತ ಹಿಡಿದವರು, ಹಸುಗೂಸು ಎತ್ತಿಕೊಂಡವರು, ಎಲ್ಲರೂ ಅತ್ತೆಯ ದೋಣಿಯನ್ನೇ ಕಾಯುವುದು ಅದಕ್ಕೆ. ವೇಗದ ಹಿಡಿಯನ್ನು ಅರ್ಧಕ್ಕಿಂತ ಮುಂದೆ ಅವರು ತಿರುಗಿಸಿದ್ದೇ ಇಲ್ಲ. ಜನ ಹೊಗಳಿ ಹೊಗಳಿ ಎಂಜಿನ್ನಿಗೆ ಉಸಿರು ಕಟ್ಟಿಸಿದ್ದರು.

ಶುಕ್ರವಾರ ಇನ್ಸ್‌ಪೆಕ್ಟರ್ ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ರಟ್ಟಿನ ಫೈಲು ಹಿಡಿದು, ಹತ್ತಕ್ಕೆ ಐದು ನಿಮಿಷ ಇರುವಾಗಲೇ ಬಂದರು. ತೂಕಕ್ಕೆ ಆರು ಮರಳಿನ ಮೂಟೆ, ಜೊತೆಗೆ ಒಬ್ಬ ವಯಸ್ಕ ಪ್ರಯಾಣಿಕ ಇರಬೇಕು ಎಂದು ನೋಟೀಸಿನಲ್ಲಿತ್ತು. ಮಾವನಿಗೆ ಮಂಡಿ ನೋವು. ನಮ್ಮವರಿಗೆ ನಿನ್ನೆಯ ಹೊಟ್ಟೆನೋವಿನ ಬಗ್ಗೆ ಅಂಗಡಿಯಲ್ಲಿ ವಿವರಣೆ ಕೊಡುವುದಿತ್ತು. ಈಜು ಬರದ ನಾನು ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಎರಡು ಸಲ ಎಳೆದು ನೋಡಿ ನಡುವಿನ ಹಲಗೆಯ ಮೇಲೆ ಕೂತೆ. ಇನ್ಸ್‌ಪೆಕ್ಟರ್ ಮುಂದೆ ಕೂತರು. ಕಡವಿನಲ್ಲಿ ಮೂವತ್ತು ಜನ ನಿಂತಿದ್ದರು, ಡಾಕ್ಟರೂ ಇದ್ದರು, ಸ್ಕ್ರೂ ಡ್ರೈವರ್ ಸಮೇತ. ಯಾರ ನಾಡಿ ನೋಡಲು ತಂದಿದ್ದರೋ.

"ಶುರು ಮಾಡಿ" ಎಂದು ಇನ್ಸ್‌ಪೆಕ್ಟರ್ ಗಡಿಯಾರ ಒತ್ತಿದರು.

ಮೋಟಾರು ಒಂದೇ ಎಳೆತಕ್ಕೆ ಹಿಡಿಯಿತು. ಪೀಪಾಯಿಯ ಕಡೆಗೆ ಹೋಗುವುದೆಂದರೆ ಹರಿವಿಗೆ ಎದುರು. ಅತ್ತೆಯ ಕೈ ಅರ್ಧದವರೆಗೆ ಹೋಗಿ ಅಲ್ಲೇ ನಿಂತಿತು. ದೋಣಿ ಮೊದಲಿಗಿಂತ ಚುರುಕಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಒಂದು ಸಲ ಕೈ ಸ್ವಲ್ಪ ಮುಂದೆ ಹೋಯಿತು, ಮೂತಿ ಮೇಲೆದ್ದಿತು, ಇನ್ಸ್‌ಪೆಕ್ಟರ ತೋಳಿನ ಮೇಲೆ ನಾಲ್ಕು ಹನಿ ಬಿತ್ತು. ಅತ್ತೆ ತಕ್ಷಣ ಹಿಂದಕ್ಕೆ ತಿರುಗಿಸಿದರು.

ನಾನು ನನ್ನ ಕೈಗಡಿಯಾರ ನೋಡುತ್ತಲೇ ಇದ್ದೆ. ಪೀಪಾಯಿ ಸುತ್ತುವಾಗ ಎಂಟು ನಿಮಿಷ ಆಗಿತ್ತು. ವಾಪಸ್ಸು ಹರಿವಿನ ಜೊತೆಗೇ ಬರುವುದು, ಆದರೂ ಈ ನಡಿಗೆಯಲ್ಲಿ ಬಂದರೆ ಐದು ನಿಮಿಷ. ಎಂಟು ಮತ್ತು ಐದು ಹದಿಮೂರು. ದಿನವಿಡೀ ಮಸಿ ತಿಂದು, ಉಗುರು ಕಪ್ಪು ಮಾಡಿಕೊಂಡು ಎಂಜಿನ್ ತೊಳೆದದ್ದು, ಕೊನೆಗೆ ಒಂದು ಇಸ್ತ್ರಿ ಅಂಗಿಯನ್ನು ಕಾಪಾಡುವುದಕ್ಕೆ.

"ಅತ್ತೆ, ಪೂರ್ತಿ ತಿರುಗಿಸಿ."

"ಸಾಹೇಬ್ರು ಒದ್ದೆ ಆಗ್ತಾರೆ."

"ಆಗಲಿ."

"ಸುಮ್ನಿರು. ಮರ್ಯಾದೆ ಅಂತ ಒಂದಿದೆ."

ನನಗೆ ವೇಗವೆಂದರೆ ಹೆದರಿಕೆ. ಬಸ್ಸು ಜೋರಾಗಿ ಹೋದರೆ ಕಂಬಿ ಹಿಡಿದು ಕಣ್ಣು ಮುಚ್ಚುವವಳು. ಆ ಕ್ಷಣದಲ್ಲಿಯೂ ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದೇ ಇದ್ದೆ. ಹಿಡಿದುಕೊಂಡೇ ಮುಂದಕ್ಕೆ ತಿರುಗಿ ಇನ್ಸ್‌ಪೆಕ್ಟರನ್ನು ಕೇಳಿದೆ. "ಸರ್, ನೀವು ಒದ್ದೆಯಾದರೆ ಫೇಲು ಅಂತ ನೋಟೀಸಿನಲ್ಲಿ ಎಲ್ಲಾದ್ರೂ ಇದೆಯಾ? ನಾನು ಎರಡು ಸಲ ಓದಿದ್ದೀನಿ, ನನಗೆ ಕಾಣಿಸಲಿಲ್ಲ."

ಅವರು ಸ್ವಲ್ಪ ಯೋಚಿಸಿದರು. ಪ್ರಾಮಾಣಿಕ ಮನುಷ್ಯ. "ಹಾಗೇನೂ ಇಲ್ಲಮ್ಮ."

"ನಿಮ್ಮ ಅಂಗಿಗೋಸ್ಕರ ಇವರು ಪರ್ಮಿಟ್ ಬಿಡ್ತಿದ್ದಾರೆ, ಅದನ್ನಾದ್ರೂ ಬರ್ಕೊಳ್ಳಿ."

ಇನ್ಸ್‌ಪೆಕ್ಟರ್ ತಮ್ಮ ಅಂಗಿಯನ್ನು ನೋಡಿಕೊಂಡರು. ಆಮೇಲೆ ಅತ್ತೆಯನ್ನು. ಆಮೇಲೆ ಫೈಲನ್ನು ಅಂಗಿಯೊಳಗೆ ತುರುಕಿ, ಮೇಲಿನ ಗುಂಡಿ ಹಾಕಿ, ಗಡಿಯಾರವಿದ್ದ ಕೈಯನ್ನು ಎದೆಗೆ ಒತ್ತಿಕೊಂಡು ತಲೆ ಬಗ್ಗಿಸಿ ಕೂತರು.

ಅತ್ತೆ ಹಿಡಿಯನ್ನು ತಿರುಗಿಸಿದರು. ಎಂಜಿನ್ ಒಂದು ಸಲ ಕೆಮ್ಮಿ ಕರ್ರಗಿನ ಹೊಗೆ ಉಗುಳಿತು. ಅರ್ಧ ದಾಟಿತು. ಮುಕ್ಕಾಲು ದಾಟಿತು. ಆಮೇಲೆ ಬಂದ ಸದ್ದನ್ನು ನಾನು ಆ ಮೇಜಿನ ಮುಂದೆ ಕೂತು ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ: ತೆಳ್ಳಗೆ, ನೇರವಾಗಿ, ಬಟ್ಟೆ ಹರಿದ ಹಾಗೆ. ದೋಣಿಯ ಮೂತಿ ಎದ್ದು ಹೊಳೆಯೇ ಎರಡು ಹೋಳಾಗಿ ನಮ್ಮ ಮೇಲೆ ಬಿತ್ತು. ನಾನು ಕಿರುಚಿದೆ ಎಂದು ಆಮೇಲೆ ಎಲ್ಲರೂ ಹೇಳಿದರು. ಇರಬಹುದು. ಕಣ್ಣು ಬಿಟ್ಟಾಗ ಕಡವಿನ ಕಂಬಗಳು ಪಕ್ಕದಲ್ಲಿದ್ದವು, ಇನ್ಸ್‌ಪೆಕ್ಟರ ಕೂದಲಿನಿಂದ ನೀರು ಫೈಲಿನ ಒಳಕ್ಕೇ ಇಳಿಯುತ್ತಿತ್ತು.

"ಹನ್ನೊಂದು ನಿಮಿಷ, ಐವತ್ತೆರಡು ಸೆಕೆಂಡು" ಎಂದು ಅವರು ಗಡಿಯಾರವನ್ನು ಅಂಗಿಯ ಒಣ ಜಾಗ ಹುಡುಕಿ ಒರೆಸಿದರು. ಒಣ ಜಾಗ ಇರಲಿಲ್ಲ. ಒದ್ದೆ ಕಾಗದದ ಮೇಲೆ ಪೆನ್ನು ಹಿಡಿಯಲಿಲ್ಲ. "ಸೋಮವಾರ ಆಫೀಸಿಗೆ ಬನ್ನಿ, ಒಣಗಿದ ಫಾರಂ ಮೇಲೆ ಬರೆದುಕೊಡ್ತೀನಿ. ಪಾಸು."

"ಕ್ಷಮಿಸಿ ಸಾಹೇಬ್ರೇ" ಎಂದರು ಅತ್ತೆ. "ನನ್ನ ಸೊಸೆಗೆ ಸ್ವಲ್ಪ ಗಾಬರಿ ಜಾಸ್ತಿ. ಏನೇನೋ ಹೇಳಿಬಿಡ್ತಾಳೆ."

ದಡದಲ್ಲಿ ಡಾಕ್ಟರು ಸುತ್ತಲಿನವರಿಗೆ ವಿವರಿಸುತ್ತಿದ್ದರು. "ಮೊನ್ನೆ ನಾನು ಹೊಡೆದ ನೊರೆ. ಮೂರು ದಿನ ಬೇಕು ಅದು ಕೆಲಸ ಮಾಡೋಕೆ. ಹೇಳಿದ್ದೆ ತಾನೇ." ಒಂದು ಟೀ ಎಂದು ಹೇಳಿದ್ದರು. ತಿದ್ದಲು ಹೋಗಲಿಲ್ಲ; ಆ ಕರಡಿನಲ್ಲಿ ತಿದ್ದುವುದಕ್ಕೆ ಸರಿಯಾದ ಒಂದು ಸಾಲಾದರೂ ಬೇಕಲ್ಲ.

ಇನ್ಸ್‌ಪೆಕ್ಟರ್ ಚಪ್ಪಲಿಯಲ್ಲಿ ಚಪಚಪ ಸದ್ದು ಮಾಡುತ್ತ ಹೊರಟುಹೋದರು. ಅತ್ತೆ ಟವೆಲಿನಿಂದ ಮುಖ ಒರೆಸಿಕೊಂಡು, ಮೊದಲು ಮೋಟಾರಿನ ಮುಚ್ಚಳ ಒರೆಸಿದರು, ಆಮೇಲೆ ಟವೆಲನ್ನು ನನಗೆ ಕೊಟ್ಟರು.

"ನೀನು ಹೇಳಿದ್ದಕ್ಕೆ ತಿರುಗಿಸಿದೆ ಅಂದ್ಕೋಬೇಡ" ಎಂದರು, ಬೇರೆ ಕಡೆ ನೋಡುತ್ತ. "ನಾನು ತಿರುಗಿಸೋಳೇ ಇದ್ದೆ."

"ಗೊತ್ತು" ಎಂದೆ, ಅವರದೇ ದನಿಯಲ್ಲಿ.

ಕಾದು ನಿಂತಿದ್ದ ಜನ ದೋಣಿಗೆ ಇಳಿಯತೊಡಗಿದರು. ಆಚೆ ದಡದ ಬ್ಯಾಂಕಿನ ಕ್ಯಾಷಿಯರು, ಎರಡು ಕೇಕಿನ ಪೆಟ್ಟಿಗೆ ಹಿಡಿದ ಬೇಕರಿಯವರು, ತಲೆ ಬಾಚಿ ಹೂ ಮುಡಿದ ಒಬ್ಬರು ಟೀಚರು. ನನಗೂ ಆ ದಡದ ಪ್ರೆಸ್ಸಿಗೆ ಕರಡು ಕೊಡುವುದಿತ್ತು, ಕಡವಿನಲ್ಲಿ ಬಿಟ್ಟಿದ್ದ ಚೀಲ ತಂದುಕೊಂಡೆ. ಅತ್ತೆ ಹಗ್ಗಕ್ಕೆ ಕೈ ಹಾಕಿ, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು. "ಒದ್ದೆ ಆಗಬಾರದು ಅನ್ನೋರು ಮುಂದೆ ಕೂರಬೇಡಿ."

ಜನ ನಕ್ಕರು. ಅತ್ತೆಯ ದೋಣಿಯಲ್ಲಿ ಒದ್ದೆಯಾಗುವುದೇ. ಕ್ಯಾಷಿಯರು ಕಾಲು ಚಾಚಿಕೊಂಡು ಮುಂದೆಯೇ ಕೂತರು, ಕೇಕಿನ ಪೆಟ್ಟಿಗೆಗಳೂ ಅವರ ಪಕ್ಕದಲ್ಲೇ ಕೂತವು.

ನಾನು ಎದ್ದು, ಕರಡಿನ ಚೀಲವನ್ನು ಜಾಕೆಟ್ಟಿನೊಳಗೆ ಸೇರಿಸಿ, ಅತ್ತೆಯ ಪಕ್ಕದಲ್ಲಿ ಹಿಂದೆ ಹೋಗಿ ಕೂತೆ.